ಅರೆಸ್ಟ್ ಆಗಿತ್ತು, ಚಾರ್ಜ್‌ಶೀಟ್ ಆಗಲಿಲ್ಲ: ಪೊಲೀಸ್ ದಾಖಲೆಯಲ್ಲಿ ಉಳಿದ ಹಳೇ ಹೆಸರು ತೆಗೆಸುವುದು ಹೇಗೆ?

ಈ ಕೆಲಸದಲ್ಲಿ ಸೋಲುವವರು ಹೆಚ್ಚುಕಮ್ಮಿ ಎಲ್ಲರೂ ಒಂದೇ ಕಡೆ ಸೋಲುತ್ತಾರೆ. ನೇರ ಠಾಣೆಗೆ ಹೋಗಿ, "ಸಾರ್, ಹತ್ತು ವರ್ಷದ ಹಿಂದಿನ ಕೇಸು, ಏನೂ ಆಗಲಿಲ್ಲ, ನನ್ನ ಹೆಸರು ತೆಗೆದುಬಿಡಿ" ಅಂತ ಬಾಯಲ್ಲಿ ಕೇಳುತ್ತಾರೆ. ಅಲ್ಲಿರುವವರು "ನೋಡೋಣ, ಸಾಹೇಬ್ರು ಬರ್ಲಿ" ಅನ್ನುತ್ತಾರೆ. ಆರು ತಿಂಗಳು ಹೀಗೇ ಕಳೆಯುತ್ತದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ವರ್ಗ ಆಗಿ ಹೋಗಿರುತ್ತಾರೆ, ಮತ್ತೆ ಮೊದಲಿಂದ ಕಥೆ ಹೇಳಬೇಕು.

ಠಾಣೆ ಕೊನೆಯ ಬಾಗಿಲು, ಮೊದಲನೆಯದಲ್ಲ. ಮೊದಲು ಕೋರ್ಟಿನ ಕಾಗದ ಕೈಗೆ ಬರಬೇಕು, ಆಮೇಲೆ ಠಾಣೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದನ್ನೂ ಹಾರಿಸಬೇಡಿ. ಇದು ಕರ್ನಾಟಕದಲ್ಲಿ ಆದ ಬಂಧನಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

## ಏನು ಹೋಗುತ್ತದೆ, ಏನು ಹೋಗುವುದಿಲ್ಲ

ನಮ್ಮ ದೇಶದಲ್ಲಿ "ಹಳೇ ಬಂಧನವನ್ನು ಅಳಿಸಿಹಾಕಿ" ಅನ್ನುವ ಒಂದೇ ಕಾನೂನು, ಒಂದೇ ಅರ್ಜಿ ಇಲ್ಲ. ಠಾಣೆಯ ಎಫ್‌ಐಆರ್ ಪುಸ್ತಕದಿಂದ ಹಾಳೆ ಹರಿದು ಕೊಡುವುದಿಲ್ಲ, ಠಾಣಾ ದಿನಚರಿಯಲ್ಲಿ ಬರೆದದ್ದನ್ನು ಒರೆಸುವುದೂ ಇಲ್ಲ. ಅದನ್ನು ಕೇಳಿದರೆ ಅರ್ಜಿ ತಿರಸ್ಕಾರ ಆಗುತ್ತದೆ, ಅಷ್ಟೇ.

ಆದರೆ ನಿಮಗೆ ನಿಜವಾಗಿ ತೊಂದರೆ ಕೊಡುತ್ತಿರುವುದು ಆ ಹಾಳೆ ಅಲ್ಲ. ತೊಂದರೆ ಕೊಡುವುದು ಮೂರು ಸಂಗತಿ. ಒಂದು, ಪೊಲೀಸ್ ಕಂಪ್ಯೂಟರಿನಲ್ಲಿ ನಿಮ್ಮ ಕೇಸಿನ ಮುಂದೆ ಇನ್ನೂ "ತನಿಖೆಯಲ್ಲಿದೆ" ಅಂತ ಇರುವುದು. ಎರಡು, ಬಂಧನದ ದಿನ ತೆಗೆದುಕೊಂಡ ಬೆರಳಚ್ಚು ಮತ್ತು ಫೋಟೋ. ಮೂರು, ರೌಡಿ ಶೀಟಿನಂಥ ನಿಗಾ ಪಟ್ಟಿಯಲ್ಲಿ ಹೆಸರು ಸೇರಿಕೊಂಡಿದ್ದರೆ ಅದು. ಈ ಮೂರನ್ನೂ ಸರಿ ಮಾಡಿಸಲು ದಾರಿ ಇದೆ.

## ಮೊದಲೇ ಜೋಡಿಸಿಟ್ಟುಕೊಳ್ಳಿ

ಆಧಾರ್ ಪ್ರತಿ, ಬಂಧನದ ಸುಮಾರು ದಿನಾಂಕ, ಠಾಣೆಯ ಹೆಸರು, ಆಗ ಕೊಟ್ಟಿದ್ದ ಯಾವುದೇ ಚೀಟಿ. ಬೇಲ್ ಬಾಂಡ್, ನೋಟಿಸ್, ಎಫ್‌ಐಆರ್ ನಕಲು, ಜಾಮೀನು ಹಾಕಿದವರ ಹೆಸರು, ಏನೇ ಇದ್ದರೂ ಎಸೆಯಬೇಡಿ. ಒಂದು ಫೈಲು, ಒಂದು ನೋಟ್‌ಬುಕ್ಕು ಇಡಿ. ಯಾವ ದಿನ ಯಾವ ಕಚೇರಿಗೆ ಹೋದಿರಿ, ಯಾರು ಏನಂದರು ಅಂತ ಅವತ್ತೇ ಬರೆದಿಡಿ. ಇದು ಸಣ್ಣದು ಅನಿಸುತ್ತದೆ, ಆದರೆ ಎಂಟು ತಿಂಗಳಾದ ಮೇಲೆ ಮೇಲಧಿಕಾರಿಗೆ ದೂರು ಕೊಡುವಾಗ ಆ ನೋಟ್‌ಬುಕ್ಕೇ ನಿಮ್ಮ ಬಲ.

## ಹಂತ 1: ಅದು ಯಾವ ಬಗೆಯ ಬಂಧನ ಅಂತ ಪತ್ತೆ ಮಾಡಿ

"ಅರೆಸ್ಟ್ ಆಗಿತ್ತು, ಕೇಸ್ ಆಗಲಿಲ್ಲ" ಅಂತ ಜನ ಹೇಳುವುದರೊಳಗೆ ನಾಲ್ಕು ಬೇರೆ ಬೇರೆ ಕಥೆ ಇರಬಹುದು. ನಿಮ್ಮದು ಯಾವುದು ಅಂತ ಗೊತ್ತಾಗದೆ ಮುಂದೆ ಹೋಗಬೇಡಿ.

ಮುಂಜಾಗ್ರತೆಯ ಬಂಧನ. ಗಲಾಟೆ ಆಗಬಹುದು ಅಂತ ಹಿಡಿದು, ಸಂಜೆಗೋ ಮಾರನೇ ದಿನವೋ ಬಿಟ್ಟಿರುತ್ತಾರೆ. ಹಳೇ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 151, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ ಕಲಂ 170. ಬೇರೆ ಆಧಾರ ಇಲ್ಲದಿದ್ದರೆ 24 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಇದರ ಜೊತೆ 107ನೇ ಕಲಂ (ಈಗ 126) ಹಾಕಿ ತಹಸೀಲ್ದಾರರ ಮುಂದೆ ಬಾಂಡ್ ಬರೆಸಿಕೊಂಡಿರುವುದು ಬಹಳ ಸಾಮಾನ್ಯ. ಕಮಿಷನರೇಟ್ ಇರುವ ನಗರಗಳಲ್ಲಿ ಇದನ್ನು ಪೊಲೀಸ್ ಅಧಿಕಾರಿಯೇ ನಡೆಸಿರುತ್ತಾರೆ.

ಎಫ್‌ಐಆರ್ ಆಗಿ, ಬಿ ರಿಪೋರ್ಟ್ ಹೋದದ್ದು. ತನಿಖೆಯಲ್ಲಿ ಏನೂ ಸಿಗಲಿಲ್ಲ, ಅಥವಾ ದೂರೇ ತಪ್ಪು ಅಂತ ಪೊಲೀಸರು ಕೋರ್ಟಿಗೆ ಬರೆದಿರುತ್ತಾರೆ.

ಎಫ್‌ಐಆರ್ ಆಗಿ, ಅಲ್ಲೇ ನಿಂತುಹೋದದ್ದು. ಚಾರ್ಜ್‌ಶೀಟೂ ಇಲ್ಲ, ಬಿ ರಿಪೋರ್ಟೂ ಇಲ್ಲ. ದೂರುದಾರರ ಜೊತೆ ಠಾಣೆಯಲ್ಲೇ ರಾಜಿ ಆದ ಕೇಸುಗಳು ಬಹಳಷ್ಟು ಸಲ ಹೀಗೇ ಕೊಳೆಯುತ್ತವೆ. ರಾಜಿ ಆದರೆ ಎಫ್‌ಐಆರ್ ತಾನಾಗಿ ಸಾಯುವುದಿಲ್ಲ.

ಪೆಟ್ಟಿ ಕೇಸು, ಅಂದರೆ ಸಣ್ಣಪುಟ್ಟ ಅಪರಾಧದ ಕೇಸು. ಇದು ಎಲ್ಲಕ್ಕಿಂತ ಮೋಸದ್ದು. "ಕೋರ್ಟಿಗೆ ಹೋಗಿ ಫೈನ್ ಕಟ್ಟಿ ಬಂದೆ, ಮುಗೀತು" ಅಂದುಕೊಂಡಿರುತ್ತೀರಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆ. ಹಾಗಿದ್ದರೆ ಈ ಲೇಖನದ ದಾರಿ ನಿಮಗಲ್ಲ, ಒಬ್ಬ ವಕೀಲರನ್ನು ನೋಡಿ.

## ಹಂತ 2: ಕ್ರೈಂ ನಂಬರ್ ಹುಡುಕಿ

ಕ್ರೈಂ ನಂಬರ್ (ಎಫ್‌ಐಆರ್ ಸಂಖ್ಯೆ, ಅಪರಾಧ ಸಂಖ್ಯೆ ಅಂದರೂ ಇದೇ) ಇಲ್ಲದೆ ಯಾವ ಕಚೇರಿಯಲ್ಲೂ ನಿಮ್ಮ ಮಾತು ಮುಂದೆ ಹೋಗುವುದಿಲ್ಲ. ಅದು ಹೀಗಿರುತ್ತದೆ: ಒಂದು ಸಂಖ್ಯೆ, ಓರೆಗೆರೆ, ಇಸವಿ. 123/2014 ಅಂತ. ಜೊತೆಗೆ ಠಾಣೆಯ ಹೆಸರು.

ಮನೆಯಲ್ಲೇ ಕೂತು ಮಾಡಬಹುದಾದದ್ದು ಕೋರ್ಟುಗಳ ವೆಬ್‌ಸೈಟಾದ ಇ-ಕೋರ್ಟ್ಸ್‌ನಲ್ಲಿ ಹುಡುಕಾಟ. ಜಿಲ್ಲೆ, ಕೋರ್ಟು, ಠಾಣೆ ಆರಿಸಿ. ಎಫ್‌ಐಆರ್ ಸಂಖ್ಯೆ ಗೊತ್ತಿದ್ದರೆ ಅದರಿಂದ, ಇಲ್ಲದಿದ್ದರೆ ನಿಮ್ಮ ಹೆಸರಿನಿಂದ ಹುಡುಕಿ. ಇಲ್ಲಿ ಇಬ್ಬರಲ್ಲಿ ಒಬ್ಬರು ಎಡವುತ್ತಾರೆ: "ಪೆಂಡಿಂಗ್" ಮಾತ್ರ ನೋಡಿ ಏನೂ ಇಲ್ಲ ಅಂತ ಮುಚ್ಚಿಬಿಡುತ್ತಾರೆ. "ಡಿಸ್ಪೋಸ್ಡ್" ಕೂಡ ನೋಡಿ. ಹೆಸರನ್ನು ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ, ಬರೆದುಕೊಂಡವರು ಅಪ್ಪನ ಹೆಸರು ಸೇರಿಸಿ ಬರೆದಿರಬಹುದು. ಬಿ ರಿಪೋರ್ಟ್ ಹೋದ ಕೇಸು ಇಲ್ಲಿ ಕಾಣದೆಯೂ ಇರಬಹುದು, ಅದಕ್ಕೆ ಗಾಬರಿ ಬೇಡ.

ನಿಲ್ಲಿ, ಇದನ್ನು ಓದಿ. ಹುಡುಕಿದಾಗ ಸಿಸಿ ನಂಬರ್ (ಕೋರ್ಟು ಕೇಸಿಗೆ ಕೊಡುವ ಸಂಖ್ಯೆ) ಸಿಕ್ಕಿತು, ಅದರ ಮುಂದೆ "ಎನ್‌ಬಿಡಬ್ಲ್ಯೂ" (ಜಾಮೀನುರಹಿತ ವಾರಂಟ್), "ಸ್ಪ್ಲಿಟ್ ಅಪ್" (ಬಾರದ ಆರೋಪಿಯ ಕೇಸನ್ನು ಬೇರೆ ಮಾಡಿದ್ದು) ಅಥವಾ "ಎಲ್‌ಪಿಸಿ" (ಬಹುಕಾಲ ಬಾಕಿ ಉಳಿದ ಕೇಸು) ಅಂತ ಇದೆ ಅಂದರೆ, ನಿಮಗೆ ಗೊತ್ತಿಲ್ಲದೆ ಚಾರ್ಜ್‌ಶೀಟ್ ಆಗಿದೆ, ನೀವು ಬರಲಿಲ್ಲ ಅಂತ ವಾರಂಟ್ ಹೊರಟಿರುವ ಸಾಧ್ಯತೆ ಇದೆ. ಆಗ ಠಾಣೆಗೆ ಕಾಲಿಡಬೇಡಿ. ವಕೀಲರ ಜೊತೆ ನೇರ ಕೋರ್ಟಿಗೆ ಹೋಗಿ ವಾರಂಟ್ ರದ್ದು ಮಾಡಿಸಿಕೊಳ್ಳಿ. ಹೆಸರು ತೆಗೆಸಲು ಹೋಗಿ ಒಳಗೆ ಕೂತರೆ ಯಾರಿಗೆ ಬೇಕು ಹೇಳಿ.

ಆನ್‌ಲೈನಿನಲ್ಲಿ ಏನೂ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ನಮೂನೆ 'ಎ', 10 ರೂಪಾಯಿ ಶುಲ್ಕ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಸ್‌ಪಿ ಅಥವಾ ಕಮಿಷನರ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹಾಕಿ, ಬೇರೆ ಅಧಿಕಾರಿಗೆ ಸೇರಿದ್ದಾದರೆ ಅವರೇ 5 ದಿನದಲ್ಲಿ ವರ್ಗಾಯಿಸಬೇಕು. ಹೀಗೆ ಬರೆಯಿರಿ:

> "ದಿನಾಂಕ ____ ರ ಸುಮಾರಿಗೆ ____ ಠಾಣೆಯಲ್ಲಿ ನನ್ನನ್ನು (ಹೆಸರು, ತಂದೆಯ ಹೆಸರು, ವಿಳಾಸ) ಬಂಧಿಸಿದ ಪ್ರಕರಣದ ಅಪರಾಧ ಸಂಖ್ಯೆ, ಕಲಂಗಳು, ಎಫ್‌ಐಆರ್ ನಕಲು, ಕೋರ್ಟಿಗೆ ಅಂತಿಮ ವರದಿ ಸಲ್ಲಿಸಿದ್ದರೆ ಅದರ ದಿನಾಂಕ ಮತ್ತು ನಕಲು, ಪ್ರಕರಣದ ಇಂದಿನ ಸ್ಥಿತಿ ಒದಗಿಸಿ."

"ಯಾಕೆ ಹಿಡಿದಿರಿ", "ಯಾವ ಹಕ್ಕಿನಿಂದ ಹಿಡಿದಿರಿ" ಅಂತ ಕೇಳಬೇಡಿ. ದಾಖಲೆ ಕೇಳಿ, ಕಾರಣ ಕೇಳಬೇಡಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ "ತನಿಖೆಗೆ ಅಡ್ಡಿಯಾಗುತ್ತದೆ" ಅಂತ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್) ತೋರಿಸಿ ನಿರಾಕರಿಸಿದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಹತ್ತು ವರ್ಷ ಯಾರೂ ಮುಟ್ಟದ ಕೇಸಿನಲ್ಲಿ ಯಾವ ತನಿಖೆಗೆ ಹೇಗೆ ಅಡ್ಡಿ ಅಂತ ಅವರು ವಿವರಿಸಬೇಕಾಗುತ್ತದೆ. ಆ ನಿರಾಕರಣೆಯ ಪತ್ರವನ್ನೂ ಜೋಪಾನವಾಗಿಡಿ. ತನಿಖೆ ಇನ್ನೂ ಮುಗಿದಿಲ್ಲ ಅಂತ ಅವರೇ ಬರೆದುಕೊಟ್ಟ ಸಾಕ್ಷಿ ಅದು, ಮುಂದೆ ಕೆಲಸಕ್ಕೆ ಬರುತ್ತದೆ.

## ಹಂತ 3: ಕೋರ್ಟಿನ ಆದೇಶ ಕೈಗೆ ತೆಗೆದುಕೊಳ್ಳಿ

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಸಮಯ ಜಾಸ್ತಿ ಹಿಡಿಯುವುದೂ ಇಲ್ಲೇ.

ಬಿ ರಿಪೋರ್ಟ್ ಹೋಗಿದ್ದರೆ: "ಬಿ ರಿಪೋರ್ಟ್ ಹಾಕಿದ್ದೀವಿ" ಅನ್ನುವುದಕ್ಕೂ "ಕೋರ್ಟು ಒಪ್ಪಿದೆ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಪೊಲೀಸರು ಹಾಕಿದ ಮೇಲೆ ಕೋರ್ಟು ದೂರುದಾರರಿಗೆ ನೋಟಿಸ್ ಕೊಡುತ್ತದೆ. ಅವರು ತಕರಾರು ಅರ್ಜಿ ಹಾಕಬಹುದು. ಹಾಕದಿದ್ದರೆ, ಅಥವಾ ಹಾಕಿದ್ದು ನಿಲ್ಲದಿದ್ದರೆ, ಮ್ಯಾಜಿಸ್ಟ್ರೇಟರು ವರದಿಯನ್ನು ಅಂಗೀಕರಿಸುತ್ತಾರೆ. ಆ ಅಂಗೀಕಾರದ ಆದೇಶವೇ ನಿಮಗೆ ಬೇಕಾದದ್ದು.

ನಮ್ಮ ಚಿಕ್ಕಪ್ಪನ ಮಗನ ಕೇಸು ಸಿಕ್ಕಿಕೊಂಡಿದ್ದು ಇಲ್ಲೇ. ಗದ್ದೆಯ ಬದುವಿನ ಜಗಳ, ಒಂದು ರಾತ್ರಿ ಠಾಣೆ, ಬೆಳಿಗ್ಗೆ ಬೇಲ್. ಬಿ ರಿಪೋರ್ಟ್ ಹೋಗಿದೆ ಅಂತ ಎಂಟು ವರ್ಷ ನಿಶ್ಚಿಂತೆಯಿಂದ ಇದ್ದ. ಕೆಲಸಕ್ಕೆ ಅಂತ ಪೊಲೀಸ್ ವೆರಿಫಿಕೇಷನ್ ಹಾಕಿದಾಗ ಬಂದ ಹಾಳೆಯಲ್ಲಿ ಒಂದೇ ಸಾಲು: "ಸದರಿ ಪ್ರಕರಣವು ತನಿಖೆಯಲ್ಲಿರುತ್ತದೆ." ಕೋರ್ಟಿನ ಕಡತ ತೆಗೆಸಿ ನೋಡಿದರೆ ಬಿ ರಿಪೋರ್ಟ್ ಮೇಲೆ ದೂರುದಾರರಿಗೆ ನೋಟಿಸ್ ಜಾರಿ ಆಗದೆ ಅಲ್ಲಿಗೇ ನಿಂತಿತ್ತು. ದೂರುದಾರರು ಆಗಲೇ ಊರು ಬಿಟ್ಟಿದ್ದರು. ವಕೀಲರು ಅವರ ಹೊಸ ವಿಳಾಸ ಹುಡುಕಿ ಕೋರ್ಟಿಗೆ ಕೊಟ್ಟ ಮೇಲೆ ಕೇಸು ಮುಂದೆ ಹೋಯಿತು. ಆ ಒಂದು ಸಾಲು ಅವನಿಗೆ ಒಂದು ಕೆಲಸ ಕಳೆಯಿತು, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ, ಅಂಗೀಕಾರದ ಆದೇಶದ ಪ್ರಮಾಣೀಕೃತ ನಕಲು ತೆಗೆದುಕೊಳ್ಳಿ. ಕನಿಷ್ಠ ಮೂರು ಪ್ರತಿ. ಜೆರಾಕ್ಸ್ ನಡೆಯುವುದಿಲ್ಲ, ಮೊಹರು ಇರಬೇಕು.

ಏನೂ ಹೋಗದೆ ನಿಂತಿದ್ದರೆ: ಎಫ್‌ಐಆರ್‌ನಲ್ಲಿರುವ ಕಲಂಗಳನ್ನು ನೋಡಿ. ಹಳೇ ಕಾನೂನಿನ 468ನೇ ಕಲಂ (ಈಗ 514) ಪ್ರಕಾರ ಕೋರ್ಟು ಕೇಸನ್ನು ವಿಚಾರಣೆಗೆ ತೆಗೆದುಕೊಳ್ಳಲು ಗಡುವು ಇದೆ. ಬರೀ ದಂಡದ ಅಪರಾಧಕ್ಕೆ 6 ತಿಂಗಳು, ಒಂದು ವರ್ಷದವರೆಗಿನ ಸಜೆ ಇರುವ ಅಪರಾಧಕ್ಕೆ 1 ವರ್ಷ, ಒಂದರಿಂದ ಮೂರು ವರ್ಷದವರೆಗಿನದಕ್ಕೆ 3 ವರ್ಷ. ಉದಾಹರಣೆಗೆ ಐಪಿಸಿ 323 (ಹೊಡೆದದ್ದು) ಮತ್ತು 504 (ಬೈದದ್ದು) ಮಾತ್ರ ಇದ್ದ 2014ರ ಕೇಸಿನ ಗಡುವು ಎಂದೋ ಮುಗಿದಿದೆ. ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಅದಕ್ಕೆ ಪೊಲೀಸರು ಸರಿಯಾದ ಕಾರಣ ಕೊಡಬೇಕು. ಮೂರು ವರ್ಷಕ್ಕಿಂತ ಜಾಸ್ತಿ ಸಜೆಯ ಕಲಂ ಒಂದೇ ಒಂದು ಸೇರಿದ್ದರೂ ಈ ಗಡುವಿನ ವಾದ ನಿಲ್ಲುವುದಿಲ್ಲ, ಹಾಗಾಗಿ ಕಲಂಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿ.

ಗಡುವು ಮುಗಿದಿದ್ದರೆ ಠಾಣಾಧಿಕಾರಿಗೆ ಬರಹದಲ್ಲಿ ಮನವಿ ಕೊಡಿ: ಅಂತಿಮ ವರದಿ ಸಲ್ಲಿಸಿ ಅಂತ. ಪ್ರತಿ ಎಸ್‌ಪಿಗೆ. ಜೊತೆಗೆ ವಕೀಲರ ಮೂಲಕ ಆ ಠಾಣೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ತನಿಖೆಯ ಸ್ಥಿತಿ ವರದಿ ತರಿಸಿ ಅಂತ ಅರ್ಜಿ ಹಾಕಿಸಿ. ಕೋರ್ಟಿನಿಂದ ಕರೆ ಹೋದರೆ ಧೂಳು ಹಿಡಿದ ಕಡತ ತಾನಾಗಿ ಮೇಲೆ ಬರುತ್ತದೆ.

ಮುಂಜಾಗ್ರತೆಯ ಬಂಧನವಾದರೆ: ತಾಲ್ಲೂಕು ಕಚೇರಿಯಲ್ಲಿ 107ರ ಕಡತದ ಮುಕ್ತಾಯದ ಆದೇಶ ಕೇಳಿ. ಇಂಥ ವಿಚಾರಣೆ 6 ತಿಂಗಳಲ್ಲಿ ಮುಗಿಯಬೇಕು, ವಿಶೇಷ ಕಾರಣ ಬರೆದು ಮುಂದುವರಿಸದಿದ್ದರೆ ಅದು ಅಲ್ಲಿಗೇ ಕೊನೆಗೊಳ್ಳುತ್ತದೆ ಅಂತ ಹಳೇ ಸಿಆರ್‌ಪಿಸಿಯ ಕಲಂ 116(6)ರಲ್ಲೇ ಇದೆ. ಬಾಂಡ್ ಬರೆಸಿಕೊಂಡಿದ್ದರೂ 107ರ ಬಾಂಡಿನ ಅವಧಿ ಹೆಚ್ಚೆಂದರೆ ಒಂದು ವರ್ಷ. ಅವಧಿ ಮುಗಿದಿದೆ, ಏನೂ ಬಾಕಿ ಇಲ್ಲ ಅಂತ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರೆಸಿಕೊಳ್ಳಿ.

## ಹಂತ 4: ಈಗ ಠಾಣೆಗೆ ಹೋಗಿ

ಕೋರ್ಟಿನ ನಕಲು ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ನೀವು ಉಪಕಾರ ಕೇಳುತ್ತಿಲ್ಲ, ದಾಖಲೆ ತಿದ್ದಿ ಅಂತ ಕೇಳುತ್ತಿದ್ದೀರಿ. ಬೆಳಿಗ್ಗೆ ಹೊತ್ತು ಹೋಗಿ, ಮೊದಲು ಸ್ಟೇಷನ್ ರೈಟರ್ ಹತ್ತಿರ ಮಾತಾಡಿ. ಯಾವ ಕಡತ ಎಲ್ಲಿದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಅರ್ಜಿ ಹೀಗಿರಲಿ:

> "____ ಠಾಣೆ ಅಪರಾಧ ಸಂಖ್ಯೆ ___/____ ರಲ್ಲಿ ಸಲ್ಲಿಸಿದ 'ಬಿ' ಅಂತಿಮ ವರದಿಯನ್ನು ಮಾನ್ಯ ನ್ಯಾಯಾಲಯವು ದಿನಾಂಕ ____ ರಂದು ಅಂಗೀಕರಿಸಿದೆ. ಆದೇಶದ ಪ್ರಮಾಣೀಕೃತ ನಕಲು ಲಗತ್ತಿಸಿದೆ. ಠಾಣೆಯ ದಾಖಲೆಗಳಲ್ಲಿ ಹಾಗೂ ಗಣಕೀಕೃತ ವ್ಯವಸ್ಥೆಯಲ್ಲಿ ಪ್ರಕರಣದ ಸ್ಥಿತಿಯನ್ನು ಅದರಂತೆ ಸರಿಪಡಿಸಿ, ನನ್ನ ವಿರುದ್ಧ ಯಾವುದೇ ಪ್ರಕರಣ ಬಾಕಿ ಇಲ್ಲವೆಂದು ಹಿಂಬರಹ ನೀಡಬೇಕೆಂದು ಕೋರುತ್ತೇನೆ."

"ಗಣಕೀಕೃತ ವ್ಯವಸ್ಥೆ" ಅನ್ನುವ ಮಾತು ಬಿಡಬೇಡಿ. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆದು, ಕಂಪ್ಯೂಟರ್ ಹಾಗೇ ಬಿಟ್ಟುಬಿಟ್ಟರೆ ಪ್ರಯೋಜನ ಇಲ್ಲ. ವೆರಿಫಿಕೇಷನ್ ಮಾಡುವವರು ನೋಡುವುದು ಕಂಪ್ಯೂಟರನ್ನು. ಠಾಣೆಯ ಮಾಹಿತಿ ಸಿಸಿಟಿಎನ್‌ಎಸ್ ಅನ್ನುವ, ದೇಶದ ಠಾಣೆಗಳನ್ನು ಜೋಡಿಸುವ ಕಂಪ್ಯೂಟರ್ ಜಾಲದ ಮೂಲಕ ದೇಶದ ಬೇರೆ ಕಡೆಗೂ ಕಾಣಿಸುತ್ತದೆ.

ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಸಮೇತ ಕಳಿಸಿ. ಅದೇ ಅರ್ಜಿಯ ಪ್ರತಿ ಎಸ್‌ಪಿ ಕಚೇರಿಯ ಜಿಲ್ಲಾ ಅಪರಾಧ ದಾಖಲೆ ಘಟಕಕ್ಕೂ, ಅಂದರೆ ಡಿಸಿಆರ್‌ಬಿಗೂ ಹೋಗಲಿ.

ರೌಡಿ ಶೀಟಿನಲ್ಲಿ ಹೆಸರಿದ್ದರೆ ಈ ಅರ್ಜಿಯಿಂದ ಅದು ಹೋಗುವುದಿಲ್ಲ. ಅದಕ್ಕೆ ಬೇರೆಯದೇ ಮನವಿ, ಎಸ್‌ಪಿ ಅಥವಾ ಡಿಸಿಪಿಗೆ. ಎಷ್ಟು ವರ್ಷದಿಂದ ಒಂದೂ ಕೇಸಿಲ್ಲ, ಏನು ಕೆಲಸ ಮಾಡಿಕೊಂಡಿದ್ದೀರಿ ಅನ್ನುವುದಕ್ಕೆ ಕಾಗದ ಲಗತ್ತಿಸಿ.

## ಹಂತ 5: ಬೆರಳಚ್ಚು ಮತ್ತು ಫೋಟೋ

ಇದನ್ನು ಯಾರೂ ಕೇಳುವುದೇ ಇಲ್ಲ, ಆದರೆ ನಿಜವಾಗಿ "ಅಳಿಸಿ" ಅಂತ ಕಾನೂನೇ ಹೇಳುವ ಭಾಗ ಇದೊಂದೇ. ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆ 2022ರ 4ನೇ ಕಲಂ ಪ್ರಕಾರ ಇಂಥ ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಆದರೆ ಮೊದಲು ಶಿಕ್ಷೆ ಆಗಿಲ್ಲದವರು ವಿಚಾರಣೆಯಿಲ್ಲದೆ ಬಿಡುಗಡೆ ಆದರೆ, ಕೋರ್ಟು ಕಾರಣ ಬರೆದು ಬೇರೆ ಹೇಳದ ಹೊರತು, ಅವನ್ನು ನಾಶ ಮಾಡಬೇಕು. ಅದಕ್ಕೂ ಮೊದಲಿನ 1920ರ ಕಾಯ್ದೆಯಲ್ಲೂ ನಾಶ ಮಾಡಬೇಕು ಇಲ್ಲವೇ ಆ ವ್ಯಕ್ತಿಗೇ ಕೊಡಬೇಕು ಅಂತ ಇತ್ತು.

ಅರ್ಜಿ ಹೋಗಬೇಕಾದದ್ದು ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ, ಎಸ್‌ಪಿ ಕಚೇರಿಯ ಮೂಲಕ ಕಳಿಸಬಹುದು. ಆ ಬೆರಳಚ್ಚು ಬೇರೆ ಕೇಸಿಗೆ ತಳುಕು ಹಾಕಿಕೊಂಡಿಲ್ಲ ಅಂತ ಅವರು ಪರಿಶೀಲಿಸಿ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋಗೆ ಶಿಫಾರಸು ಮಾಡುತ್ತಾರೆ. ಹಂತ 3ರ ಆದೇಶ ಇಲ್ಲದೆ ಈ ಅರ್ಜಿ ಹಾಕಿದರೆ ವಾಪಸ್ ಬರುತ್ತದೆ.

## ಹಂತ 6: ನಿಜವಾಗಿ ಸರಿಯಾಯಿತಾ ನೋಡಿ

ಹಿಂಬರಹ ಸಿಕ್ಕಿದ ದಿನ ಖುಷಿಯಾಗುತ್ತದೆ, ಅಲ್ಲಿಗೇ ನಿಲ್ಲಬೇಡಿ. ಒಂದೆರಡು ತಿಂಗಳು ಬಿಟ್ಟು ಸೇವಾ ಸಿಂಧುವಿನಲ್ಲಿ ನೀವೇ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಕೆಲಸದವರು ಕೇಳುವ ಮೊದಲೇ ಹಾಕಿ. ಹಳೇ ಸಾಲು ಮತ್ತೆ ಬಂದರೆ, ಆ ಹಾಳೆ, ಹಿಂಬರಹ, ಕೋರ್ಟಿನ ಆದೇಶ ಮೂರನ್ನೂ ಸೇರಿಸಿ ಎಸ್‌ಪಿಗೆ ಬರೆಯಿರಿ.

## ಹೈಕೋರ್ಟ್ ಯಾವಾಗ?

ಠಾಣೆ ವರದಿ ಹಾಕುವುದಿಲ್ಲ, ಕೆಳಗಿನ ಕೋರ್ಟಿನಲ್ಲಿ ಮುಂದೆ ಹೋಗುತ್ತಿಲ್ಲ, ಗಡುವು ಎಂದೋ ಮುಗಿದಿದೆ, ಅಥವಾ ದೂರುದಾರರು ರಾಜಿಗೆ ಸಹಿ ಹಾಕಲು ತಯಾರಿದ್ದಾರೆ ಅಂದರೆ ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಹೋಗಬಹುದು. ಹಳೇ ಸಿಆರ್‌ಪಿಸಿಯ ಕಲಂ 482, ಈಗ ಬಿಎನ್‌ಎಸ್‌ಎಸ್‌ನ 528. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರಿದೆಯೋ ಅಲ್ಲಿ. ಖರ್ಚು ಇದೆ, ಹಾಗಾಗಿ ಇದನ್ನು ಮೊದಲ ಹೆಜ್ಜೆ ಮಾಡಬೇಡಿ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ, ಅರ್ಹರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿ ಇಲ್ಲ.

## ಅಲ್ಲಿಯವರೆಗೆ ಫಾರಂಗಳಲ್ಲಿ ಏನು ಬರೆಯಬೇಕು?

ಪ್ರಶ್ನೆಯನ್ನು ಪದ ಪದವಾಗಿ ಓದಿ. "ನಿಮ್ಮ ಮೇಲೆ ಕೇಸು ಬಾಕಿ ಇದೆಯೇ?" ಬೇರೆ, "ಎಂದಾದರೂ ಬಂಧನ ಆಗಿದೆಯೇ?" ಬೇರೆ. ಎರಡನೆಯದಕ್ಕೆ, ಕೇಸು ಮುಗಿದಿದ್ದರೂ, "ಹೌದು" ಅಂತಲೇ ಬರೆಯಿರಿ, ಆದೇಶದ ನಕಲು ಲಗತ್ತಿಸಿ. ಸರ್ಕಾರಿ ಕೆಲಸಗಳಲ್ಲಿ ಮುಚ್ಚಿಟ್ಟದ್ದಕ್ಕೇ ನೌಕರಿ ಹೋದ ಉದಾಹರಣೆಗಳಿವೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು ಅಂತ ಹೇಳಿದೆ. ಕೇಳದೇ ಇದ್ದದ್ದನ್ನು ಹೇಳಲಿಲ್ಲ ಅಂತ ತಪ್ಪು ಹೊರಿಸುವಂತಿಲ್ಲ ಅಂತಲೂ ಹೇಳಿದೆ.

ಪಾಸ್‌ಪೋರ್ಟಿಗೆ ಅಡ್ಡಿಯಾಗುವುದು ಕೋರ್ಟಿನಲ್ಲಿ ಬಾಕಿ ಇರುವ ಪ್ರಕರಣ. ಬರೀ ಎಫ್‌ಐಆರ್ ಇದೆ, ತನಿಖೆ ನಡೆಯುತ್ತಿದೆ ಅನ್ನುವುದು ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಕಲಂಗೆ ಬರುವುದಿಲ್ಲ ಅಂತ ವಿದೇಶಾಂಗ ಸಚಿವಾಲಯ 2019ರಲ್ಲೇ ಸ್ಪಷ್ಟಪಡಿಸಿದೆ. ಅರ್ಜಿ ತಡೆಹಿಡಿದರೆ ಇದನ್ನು ಬರಹದಲ್ಲಿ ತೋರಿಸಿ.

## ಇಂಥದ್ದು ಕಂಡರೆ ಹಿಂದೆ ಸರಿಯಿರಿ

"ಕಂಪ್ಯೂಟರಿಂದ ಡಿಲೀಟ್ ಮಾಡಿಸ್ತೀನಿ, ಇಷ್ಟು ಕೊಡಿ" ಅನ್ನುವವರು ಠಾಣೆ ಎದುರಿನ ಟೀ ಅಂಗಡಿಯಲ್ಲಿ ಸಿಗುತ್ತಾರೆ. ದುಡ್ಡು ಹೋಗುತ್ತದೆ, ಕಾಗದ ಬರುವುದಿಲ್ಲ, ಮೇಲಾಗಿ ಲಂಚ ಕೊಟ್ಟ ತಪ್ಪೂ ನಿಮ್ಮ ತಲೆಗೆ.

ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ. "ತಪ್ಪಾಯಿತು ಅಂತ ಬರೆದುಕೊಡಿ, ಕ್ಲೋಸ್ ಮಾಡ್ತೀವಿ" ಅಂದರೂ ಬರೆಯಬೇಡಿ. "ಪೆಟ್ಟಿ ಕೇಸ್ ಮಾಡಿ ಫೈನ್ ಕಟ್ಟಿಬಿಡಿ, ಸುಲಭ" ಅಂತ ಯಾರಾದರೂ ಸಲಹೆ ಕೊಟ್ಟರೆ ಹಂತ 1ರ ಕೊನೆಯ ಪ್ಯಾರಾ ನೆನಪಿಸಿಕೊಳ್ಳಿ. ಮೂಲ ಆದೇಶದ ನಕಲನ್ನು "ಇಟ್ಟು ಹೋಗಿ, ಸಾಹೇಬ್ರಿಗೆ ತೋರಿಸ್ಬೇಕು" ಅಂದರೆ ಮೂರರಲ್ಲಿ ಒಂದು ಪ್ರತಿ ಕೊಡಿ, ಉಳಿದ ಎರಡು ಮನೆಯಲ್ಲಿರಲಿ.